ಬಂದರಿನ ಚಿತ್ರ ಬರೆಯುವ ಮುಂಚೆ: ಸೂರ್ಯನನ್ನು ಎಲ್ಲಿ ಇಡುತ್ತೀರಿ?

ಸಾಲುಗಂಬದ ಅರಮನೆ, ನೀರಿಗಿಳಿಯುವ ಮೆಟ್ಟಿಲು, ಹಾಯಿ ಮಡಚಿ ನಿಂತ ಹಡಗು, ಕಟ್ಟೆಯ ಮೇಲೆ ಪೆಟ್ಟಿಗೆ ಹೊತ್ತ ಜನ, ಎಲ್ಲದರ ಹಿಂದೆ ಹೊನ್ನಿನ ಬೆಳಕು. 17ನೇ ಶತಮಾನದ ರೋಮಿನಲ್ಲಿ ಬೆಳೆದ ಈ ಬಗೆಯ ಬಂದರು ಚಿತ್ರಗಳನ್ನು ನೋಡಿದರೆ, ಆಯಿಲ್ ಪೇಂಟ್ ಮುಟ್ಟಿದ ಯಾರಿಗಾದರೂ ಒಂದು ಸಲ ಕೈ ತುರಿಸುತ್ತದೆ. ನನಗೂ ತುರಿಸಿತು. ಮೊದಲ ಚಿತ್ರ ಪೂರ್ತಿ ಹಾಳಾಯಿತು.

ಹಾಳಾದದ್ದು ಕೈಚಳಕ ಸಾಲದೆ ಅಲ್ಲ. ಆಕಾಶವನ್ನು ಒಬ್ಬ ಕಲಾವಿದನಿಂದ ಎತ್ತಿಕೊಂಡಿದ್ದೆ, ಕಟ್ಟಡವನ್ನು ಇನ್ನೊಬ್ಬನಿಂದ. ಸೂರ್ಯ ಕಟ್ಟಡದ ಹಿಂದೆ ಇದ್ದ. ಕಟ್ಟಡ ಮಾತ್ರ ಎದುರಿನಿಂದ ಥಳಥಳ ಹೊಳೆಯುತ್ತಿತ್ತು. ಮನೆಯವರು ನೋಡಿ, "ಕಂಬಗಳಿಗೆ ಟ್ಯೂಬ್‌ಲೈಟ್ ಹಾಕಿಸಿದ್ದೀರಾ?" ಅಂದರು. ಮೂರು ತಿಂಗಳ ಕೆಲಸ ಅದು.

ಹಾಗಾಗಿ ಯಾವ ಬಣ್ಣ, ಯಾವ ಬ್ರಷ್ ಅಂತ ಕೇಳುವವರಿಗೆ ನಾನು ಮೊದಲು ಕೇಳುವುದು ಒಂದೇ: ಬೆಳಕು ಎಲ್ಲಿಂದ ಬರುತ್ತಿದೆ? ಅದು ನಿಕ್ಕಿಯಾದರೆ ಕ್ಯಾನ್ವಾಸಿನ ತಳಬಣ್ಣ, ಕಂಬ, ಜನ, ಬಿಳಿ ಬಣ್ಣದ ಆಯ್ಕೆ ಕೂಡ ತಾನಾಗೇ ಅರ್ಧ ನಿಕ್ಕಿಯಾಗುತ್ತದೆ.

ಮೂರು ದಾರಿ, ಮತ್ತೆ ಒಂದು ಅಡ್ಡದಾರಿ

ಮೊದಲನೆಯದು ಕ್ಲೋಡ್ ಲೊರೇನ್ ದಾರಿ. ಹುಟ್ಟಿದ್ದು ಲೊರೇನ್ ಪ್ರಾಂತ್ಯದಲ್ಲಿ, ಬದುಕಿನ ಹೆಚ್ಚಿನ ಭಾಗ ಕಳೆದದ್ದು ಮತ್ತು 1682ರಲ್ಲಿ ತೀರಿಕೊಂಡದ್ದು ರೋಮಿನಲ್ಲಿ. ಸೂರ್ಯನನ್ನೇ ಚಿತ್ರದೊಳಗೆ ಕೂರಿಸಿ, ಅವನಿಂದಲೇ ಇಡೀ ದೃಶ್ಯಕ್ಕೆ ಬೆಳಕು ಕೊಟ್ಟ ಮೊದಲಿಗರಲ್ಲಿ ಈತ ಒಬ್ಬ. ಶೀಬಾದ ರಾಣಿ ಹಡಗು ಹತ್ತಲು ಹೊರಟಿರುವ 1648ರ ಬಂದರು ಚಿತ್ರ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಅಲ್ಲಿ ಸೂರ್ಯ ದಿಗಂತಕ್ಕಿಂತ ಸ್ವಲ್ಪ ಮೇಲೆ, ನೇರ ನಮ್ಮ ಕಣ್ಣಿಗೆ. ಎರಡೂ ಕಡೆಯ ಕಟ್ಟಡಗಳು ನಮಗೆ ತೋರಿಸುವುದು ಹೆಚ್ಚಾಗಿ ನೆರಳಿನ ಮೈಯನ್ನೇ. ಅಂಚಿನಲ್ಲಿ ಮಾತ್ರ ಒಂದು ಬಿಸಿ ಗೆರೆ.

ಎರಡನೆಯದು ವೆನಿಸ್ಸಿನ ಕನಲೆಟ್ಟೊ ದಾರಿ. ಇವನ ಕಾಲ 1697ರಿಂದ 1768. ಬೆಳಕು ಸಾಮಾನ್ಯವಾಗಿ ಪಕ್ಕದಿಂದ. ಸೂರ್ಯ ಚೌಕಟ್ಟಿನ ಆಚೆ ಎಲ್ಲೋ ಇರುತ್ತಾನೆ. ಕಟ್ಟಡದ ಒಂದು ಮುಖ ಬೆಳಗುತ್ತದೆ, ಇನ್ನೊಂದು ನೆರಳು, ನಡುವೆ ಚಾಕುವಿನಲ್ಲಿ ಕೊಯ್ದಂಥ ಗೆರೆ. ಕಿಟಕಿಗಳನ್ನು ಎಣಿಸಬಹುದು. ಅಳತೆಪಟ್ಟಿ, ಕೈವಾರ ಎಲ್ಲ ಬಳಸಿ ಗೆರೆಗಳನ್ನು ಕೊರೆದೇ ಹಾಕಿಕೊಳ್ಳುತ್ತಿದ್ದ.

ಮೂರನೆಯದು ಫ್ರಾನ್ಸಿನ ಜೋಸೆಫ್ ವೆರ್ನೆ ದಾರಿ. 1753ರಲ್ಲಿ ದೊರೆ ಹದಿನೈದನೇ ಲೂಯಿ ಕಡೆಯಿಂದ ಈತನಿಗೆ ಒಂದು ಕೆಲಸ ಬಂತು: ದೇಶದ ಬಂದರುಗಳನ್ನೆಲ್ಲ ಇರುವ ಹಾಗೇ ಬರೆದು ಕೊಡಬೇಕು. 1765ರವರೆಗೆ 15 ಚಿತ್ರ ಮುಗಿಸಿದ. ಮಾರ್ಸೇ, ಟೂಲೋನ್, ಬೋರ್ಡೋ, ಕೊನೆಗೆ ಡಿಯೆಪ್. ಇಲ್ಲಿ ಬೆಳಕಿಗಿಂತ ಜನ ಮುಖ್ಯ. ಪೀಪಾಯಿ ಉರುಳಿಸುವವರು, ಮೀನು ಮಾರುವವರು, ಸುಮ್ನೆ ನಿಂತು ನೋಡುವ ಶ್ರೀಮಂತರು, ಎಲ್ಲರೂ ಮುಂದುಗಡೆಯಲ್ಲೇ ಇದ್ದಾರೆ.

ಅಡ್ಡದಾರಿ ಇಂಗ್ಲೆಂಡಿನ ಟರ್ನರ್‌ದು. ಕಾರ್ಥೇಜ್ ನಗರ ಕಟ್ಟಿಸುತ್ತಿರುವ ಡಿಡೋ ರಾಣಿಯ ಚಿತ್ರವನ್ನು 1815ರಲ್ಲಿ ಬರೆದ. ಅದು ಕ್ಲೋಡ್‌ಗೆ ನೇರ ಸವಾಲು. ಅದನ್ನು ಕ್ಲೋಡ್ ಚಿತ್ರದ ಪಕ್ಕದಲ್ಲೇ ತೂಗುಹಾಕಬೇಕು ಅಂತ ಉಯಿಲಿನಲ್ಲೇ ಬರೆದಿಟ್ಟ. ಈಗಲೂ ಲಂಡನ್ನಿನಲ್ಲಿ ಎರಡೂ ಜೊತೆಗೇ ಇವೆ. ನೋಡಿದರೆ ಬೆಳಕು ಎಲ್ಲವನ್ನೂ ಕರಗಿಸಿದಂತಿದೆ, ಗೆರೆ ಸ್ವಲ್ಪ ಆಚೀಚೆ ಆದರೂ ನಡೆಯುತ್ತದೆ ಅನ್ನಿಸುತ್ತದೆ. ನಡೆಯುವುದಿಲ್ಲ. ಆ ಮಬ್ಬಿನ ಕೆಳಗೆ ಗಟ್ಟಿ ರೇಖಾಚಿತ್ರ ಇದೆ. ಮೊದಲ ಚಿತ್ರಕ್ಕೆ ಟರ್ನರ್ ಬೇಡ.

ಯಾವುದು ನಿಮಗೆ? ಕೈಯಲ್ಲಿ ಡ್ರಾಯಿಂಗ್ ಚೆನ್ನಾಗಿದ್ದು ಬಣ್ಣ ಬೆರೆಸಲು ಭಯ ಇದ್ದರೆ ಕನಲೆಟ್ಟೊ. ಜನರನ್ನು ಬರೆಯುವುದೇ ಖುಷಿ ಅನ್ನುವವರಿಗೆ ವೆರ್ನೆ. ಉಳಿದ ಎಲ್ಲರಿಗೂ ನಾನು ಹೇಳುವುದು ಕ್ಲೋಡ್. ಕಾರಣ ಸರಳ. ಸೂರ್ಯ ಎದುರಿಗಿದ್ದರೆ ಕಟ್ಟಡದ ಸೂಕ್ಷ್ಮವೆಲ್ಲ ನೆರಳಲ್ಲಿ ಮುಳುಗುತ್ತದೆ. ಕಂಬದ ತಲೆಯ ಮೇಲಿನ ಎಲೆಕೆತ್ತನೆ ನಿಮಗೆ ಸರಿಯಾಗಿ ಬರದಿದ್ದರೂ ನಾಲ್ಕು ಕಪ್ಪು ಚುಕ್ಕೆಯಲ್ಲಿ ದಾಟಿಕೊಂಡು ಹೋಗಬಹುದು.

ಕಷ್ಟ ಇರುವುದು ಆಕಾಶದಲ್ಲಿ. ನಮ್ಮ ಟ್ಯೂಬಿನಲ್ಲಿ ಬಿಳಿಗಿಂತ ಬೆಳಗುವ ಬಣ್ಣ ಇಲ್ಲ. ಸೂರ್ಯ ಹೊಳೆಯಬೇಕಾದರೆ ಸುತ್ತಲಿನ ಆಕಾಶ ಒಂದು ಮೆಟ್ಟಿಲು ಕೆಳಗಿಳಿಯಲೇಬೇಕು. ನಾನು ಮೊದಲ ಸಲ ದಪ್ಪ ಕ್ಯಾಡ್ಮಿಯಂ ಹಳದಿ ಹಾಕಿ ಮಾಡಿದ ಸೂರ್ಯ ಆಮ್ಲೆಟ್ಟಿನ ನಡುವಿನ ಹಳದಿಯಂತೆ ಕೂತಿತ್ತು. ಈಗ ಸೂರ್ಯನ ತಟ್ಟೆಗೆ ಬಿಳಿ ಮತ್ತು ಒಂಚೂರು ನಿಂಬೆ ಹಳದಿ. ಅದರ ಸುತ್ತ ಬಿಳಿ, ಯೆಲ್ಲೋ ಓಕರ್ ಅನ್ನುವ ಮಣ್ಣುಹಳದಿ. ಆಮೇಲೆ ಸ್ವಲ್ಪ ಗುಲಾಬಿ ಬೂದು. ಅದಕ್ಕೂ ಆಚೆ ನೀಲಿ ಶುರು. ನಡುವಿನ ಆ ಗುಲಾಬಿ ಬೂದು ಬಿಟ್ಟರೆ ಹಳದಿಯೂ ನೀಲಿಯೂ ಮುಖಾಮುಖಿಯಾಗಿ ಆಕಾಶ ಹಸಿರಾಗುತ್ತದೆ. ಬಣ್ಣ ಬಣ್ಣ ಸೇರುವ ಜಾಗವನ್ನು ಮೆತ್ತಗೆ ಮಾಡಲು ಬ್ರಷ್ ಸಾಕಾಗದಿದ್ದರೆ ಬೆರಳು ಬಳಸಿ, ನಾಚಿಕೆ ಬೇಡ. ಶೀಬಾ ರಾಣಿಯ ಚಿತ್ರದ ಆಕಾಶದಲ್ಲೂ ಕ್ಲೋಡ್‌ನ ಬೆರಳು, ಅಂಗೈ ಗುರುತುಗಳು ಸಿಕ್ಕಿವೆ. ನೀವು ಮಾತ್ರ ಕೈಗವಸು ಹಾಕಿಕೊಳ್ಳಿ.

ಎಷ್ಟು ದೊಡ್ಡದು, ಯಾವ ತಳ

ಕ್ಲೋಡ್‌ನ ಆ ಚಿತ್ರ ಸುಮಾರು 149 ಸೆಂಟಿಮೀಟರ್ ಎತ್ತರ, 197 ಅಗಲ. ಅವನದೇ, ಸಂತ ಉರ್ಸುಲಾ ಹೊರಡುವ 1641ರ ಬಂದರು 113ಕ್ಕೆ 149. ಎರಡೂ ಹೆಚ್ಚುಕಡಿಮೆ ಮೂರಕ್ಕೆ ನಾಲ್ಕರ ಲೆಕ್ಕ. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ 18ಕ್ಕೆ 24 ಇಂಚಿನ ಕ್ಯಾನ್ವಾಸ್ ಕೂಡ ಅದೇ ಲೆಕ್ಕದ್ದು. ಅಲ್ಲಿಂದ ಶುರು ಮಾಡಿ. ಅದಕ್ಕಿಂತ ಚಿಕ್ಕದಾದರೆ ಜನ ಇರುವೆಗಳಾಗುತ್ತಾರೆ.

ಕನಲೆಟ್ಟೊ ದಾರಿ ಹಿಡಿದವರು ಒರಟು ಕ್ಯಾನ್ವಾಸ್ ತಗೊಳ್ಳಬೇಡಿ. ನೇಯ್ಗೆಯ ಉಬ್ಬುತಗ್ಗಿನ ಮೇಲೆ ಕಂಬದ ಸಣ್ಣ ಗೆರೆ ತುಂಡುತುಂಡಾಗುತ್ತದೆ. ಸಣ್ಣ ನೇಯ್ಗೆಯದು, ಇಲ್ಲವೇ ಗೆಸ್ಸೊ ಅನ್ನುವ ಬಿಳಿ ತಳಲೇಪ ಹಚ್ಚಿ ಉಜ್ಜಿದ ಎಂಡಿಎಫ್ ಹಲಗೆ ವಾಸಿ.

ತಳಬಣ್ಣದ ವಿಷಯಕ್ಕೆ ಬಂದರೆ, ಬಿಳಿ ತಳ ಟರ್ನರ್‌ನಂಥ ಬೆಳಕಿಗೆ ಸರಿ. ಕನಲೆಟ್ಟೊ ಶುರುವಿನಲ್ಲಿ ಕೆಂಪು ಕಂದು ತಳದ ಮೇಲೆ ಬರೆಯುತ್ತಿದ್ದ, ಆಮೇಲೆ ತಿಳಿ ತಳಕ್ಕೆ ಬಂದ. ಎದುರು ಸೂರ್ಯನ ಚಿತ್ರಕ್ಕೆ ನನ್ನ ಓಟು ರಾ ಅಂಬರ್ ಅನ್ನುವ ಮಣ್ಣುಗಂದು ಮತ್ತು ಬಿಳಿ ಸೇರಿಸಿದ ಬೂದುಗಂದಿಗೆ. ಕಟ್ಟಡದ ಅರ್ಧ ನೆರಳು ಪುಕ್ಕಟೆ ಸಿಕ್ಕಂತೆ. ಒಂದು ಎಚ್ಚರಿಕೆ ಇದೆ. ಎಣ್ಣೆಬಣ್ಣ ವರ್ಷ ಕಳೆದಂತೆ ಒಂದಿಷ್ಟು ಪಾರದರ್ಶಕವಾಗುತ್ತದೆ. ಕಂದು ತಳದ ಮೇಲೆ ಆಕಾಶವನ್ನು ತೆಳ್ಳಗೆ ಬಳಿದರೆ ಮುಂದೆ ಒಂದು ದಿನ ಆ ಕಂದು ಮೇಲೆದ್ದು ಬರುತ್ತದೆ. ಆಕಾಶ ಎರಡು ಕೋಟ್ ಇರಲಿ. ತಳವನ್ನು ಅಕ್ರಿಲಿಕ್‌ನಲ್ಲಿ ಬಳಿದರೆ ಒಂದೇ ಗಂಟೆಯಲ್ಲಿ ಒಣಗುತ್ತದೆ, ಅದರ ಮೇಲೆ ಎಣ್ಣೆಬಣ್ಣ ಧಾರಾಳವಾಗಿ ಹಚ್ಚಬಹುದು. ಎಣ್ಣೆಯ ಮೇಲೆ ಅಕ್ರಿಲಿಕ್ ಮಾತ್ರ ಯಾವತ್ತೂ ಬೇಡ, ಸಿಪ್ಪೆ ಎದ್ದು ಬರುತ್ತದೆ.

ಕಟ್ಟಡ: ಇರುವುದೋ, ಕಟ್ಟಿದ್ದೋ

ನಿಜವಾದ ಊರಿನ ಫೋಟೋ ನೋಡಿ ಬರೆಯಬಹುದು. ಬೇರೆಬೇರೆ ಕಟ್ಟಡಗಳಿಂದ ತುಂಡು ಆಯ್ದು ಜೋಡಿಸಬಹುದು. ಪೂರ್ತಿ ತಲೆಯಿಂದಲೇ ತೆಗೆಯಬಹುದು. ಕೊನೆಯದನ್ನು ನಾನು ಯಾರಿಗೂ ಹೇಳುವುದಿಲ್ಲ. ಮನಸ್ಸಿನಿಂದ ಬಂದ ಅರಮನೆ ಸಾಮಾನ್ಯವಾಗಿ ಮದುವೆ ಮಂಟಪದ ಥರ್ಮೋಕೋಲ್ ಸೆಟ್ ಆಗಿಬಿಡುತ್ತದೆ.

ಜೋಡಿಸುವುದರಲ್ಲಿ ಮೋಸ ಏನಿಲ್ಲ. ಫ್ಲಾರೆನ್ಸಿನ ಉಫಿಜಿ ಗ್ಯಾಲರಿಯಲ್ಲಿರುವ 1637ರ ಬಂದರು ಚಿತ್ರದಲ್ಲಿ ಕ್ಲೋಡ್, ರೋಮಿನ ಗುಡ್ಡದ ಮೇಲಿರುವ ವಿಲ್ಲಾ ಮೆಡಿಚಿ ಅನ್ನುವ ಅರಮನೆಯನ್ನು ಎತ್ತಿ ತಂದು ಸಮುದ್ರದ ದಡಕ್ಕೆ ಇಟ್ಟಿದ್ದಾನೆ. ರೋಮಿನವರಿಗೆ ಅದು ಗೊತ್ತಾಗದೆ ಇರುತ್ತಾ? ಯಾರೂ ತಲೆ ಕೆಡಿಸಿಕೊಂಡಂತಿಲ್ಲ. ಆದರೆ ಎಲ್ಲ ತುಂಡುಗಳಿಗೂ ಒಂದೇ ಸೂರ್ಯ ಇರಬೇಕು. ಫೋಟೋ ಆಯ್ದುಕೊಳ್ಳುವಾಗ ಮೊದಲು ನೆರಳು ಯಾವ ಕಡೆ ಬಿದ್ದಿದೆ ನೋಡಿ, ಕಟ್ಟಡದ ಅಂದ ಆಮೇಲೆ. ಬೆಳಕು ತಪ್ಪಿದ ಫೋಟೋದಿಂದ ಆಕಾರ ಮಾತ್ರ ತಗೊಂಡು ನೆರಳನ್ನು ನೀವೇ ಹಾಕಬೇಕು. ನನ್ನ ಟ್ಯೂಬ್‌ಲೈಟ್ ಕಂಬ ಹುಟ್ಟಿದ್ದು ಅಲ್ಲೇ.

ಕಂಬದ ಎತ್ತರದ ಲೆಕ್ಕ ತಲೆಯಲ್ಲಿರಲಿ. ಇಟಲಿಯ ವಾಸ್ತುಶಿಲ್ಪಿ ವಿನ್ಯೋಲ 16ನೇ ಶತಮಾನದಲ್ಲಿ ಹಾಕಿಕೊಟ್ಟ ಲೆಕ್ಕ ನೆನಪಿಡಲು ಸುಲಭ: ಟಸ್ಕನ್ ಕಂಬ ತನ್ನ ಬುಡದ ಅಗಲದ 7 ಪಟ್ಟು, ಡೋರಿಕ್ 8, ಅಯೋನಿಕ್ 9, ಕೊರಿಂಥಿಯನ್ 10. ಬೇಲೂರು, ಹಳೇಬೀಡಿನ ಕಡೆದ ಕಂಬಗಳಿಗೆ ಕಣ್ಣು ಒಗ್ಗಿದ್ದರಿಂದಲೋ ಏನೋ, ನಾನು ಬರೆದ ಕೊರಿಂಥಿಯನ್ ಕಂಬ ಆರು ಪಟ್ಟಿಗೇ ನಿಂತುಬಿಟ್ಟಿತ್ತು. ಏನೋ ಸರಿಯಿಲ್ಲ ಅಂತ ಎರಡು ವಾರ ನೋಡಿದೆ. ಕೊನೆಗೆ ಅಳೆದಾಗ ಗೊತ್ತಾಯಿತು.

ಗೆರೆ ಹಾಕುವುದಕ್ಕೂ ಎರಡು ದಾರಿ ಇವೆ. ಅಳತೆಪಟ್ಟಿ ಇಟ್ಟು ಪೂರ್ತಿ ಎಳೆಯುವುದು ಒಂದು, ಕಣ್ಣಂದಾಜು ಇನ್ನೊಂದು. ನಡುವೆ ಒಂದು ಹಳೇ ಉಪಾಯವಿದೆ, ನನಗೆ ಅದೇ ಇಷ್ಟ. ದಿಗಂತದ ಗೆರೆಯ ಮೇಲೆ, ಕಟ್ಟಡದ ಗೆರೆಗಳೆಲ್ಲ ಹೋಗಿ ಸೇರುವ ಜಾಗದಲ್ಲಿ ಒಂದು ಗುಂಡುಪಿನ್ ಚುಚ್ಚಿ. ಅದಕ್ಕೆ ದಾರ ಕಟ್ಟಿ. ದಾರಕ್ಕೆ ಸೀಮೆಸುಣ್ಣ ಉಜ್ಜಿ, ಬಿಗಿಯಾಗಿ ಎಳೆದು ಕ್ಯಾನ್ವಾಸಿನ ಮೇಲೆ ಚಟ್ ಅಂತ ಬಿಡಿ. ಬಡಗಿಗಳು ಮರದ ಮೇಲೆ ಗೆರೆ ಹೊಡೆಯುವ ಹಾಗೆ. ಸೂರಿನ ಅಂಚು, ಕಂಬಗಳ ಬುಡ, ಕಟ್ಟೆಯ ಕಲ್ಲುಸಾಲು ಎಲ್ಲ ಒಂದೇ ಪಿನ್ನಿನಿಂದ ಬರುತ್ತವೆ. ಆ ಪಿನ್ ಸೂರ್ಯನ ಹತ್ತಿರವೇ ಇದ್ದರೆ ಇಡೀ ಊರೇ ಬೆಳಕಿನ ಕಡೆ ಓಡುತ್ತಿರುವಂತೆ ಕಾಣುತ್ತದೆ. ಆಮೇಲೆ ಬಣ್ಣ ಹಚ್ಚುವಾಗ ಅಳತೆಪಟ್ಟಿ ಮುಟ್ಟಬೇಡಿ. ಬಿದಿರು ಕೋಲಿನ ತುದಿಗೆ ಬಟ್ಟೆ ಉಂಡೆ ಕಟ್ಟಿ, ಅದರ ಮೇಲೆ ಕೈ ಆನಿಸಿ ಎಳೆದರೆ ಗೆರೆ ನೇರವೂ ಇರುತ್ತದೆ, ಜೀವವೂ ಇರುತ್ತದೆ.

ನೀರಿನ ಬಗ್ಗೆ ಒಂದೇ ಮಾತು. ಸೂರ್ಯನ ಹೊಳಪಿನ ಪಟ್ಟಿ ಅವನ ಕೆಳಗೆ ನೆಟ್ಟಗೆ ನಮ್ಮ ಕಡೆ ಬರಬೇಕು. ಕಟ್ಟಡದ ಗೆರೆಗಳ ಜೊತೆ ಅದೂ ಓರೆಯಾದರೆ ನೀರು ಇಳಿಜಾರಾಗುತ್ತದೆ.

ಟ್ಯೂಬು, ಎಣ್ಣೆ, ಮಳೆಗಾಲ

ಬಿಳಿ: ಹಳಬರು ಬಳಸಿದ್ದು ಸೀಸದ ಬಿಳಿ. ಬೇಗ ಒಣಗುತ್ತದೆ, ಗಟ್ಟಿ, ಆದರೆ ವಿಷ. ಮಕ್ಕಳಿರುವ ಮನೆಯಲ್ಲಿ ಅದರ ಆಸೆ ಬೇಡ. ಬರೀ ಜಿಂಕ್ ಬಿಳಿ ಕಾಲ ಕಳೆದಂತೆ ಬಿರುಕು ಬಿಡುತ್ತದೆ. ಟೈಟೇನಿಯಂ ಸಾಕು.

ನೀಲಿ: ಕ್ಲೋಡ್ ಕಾಲದ ಅಲ್ಟ್ರಾಮರೀನ್ ಅಫ್ಘಾನಿಸ್ತಾನದ ಬದಖ್ಶಾನಿನ ಕಲ್ಲು ಅರೆದು ಮಾಡಿದ್ದು, ಕೈಗೆಟುಕದ ಬೆಲೆ. ಕೃತಕ ಅಲ್ಟ್ರಾಮರೀನ್ ಬಂದದ್ದು 1820ರ ದಶಕದಲ್ಲಿ. ಕನಲೆಟ್ಟೊ ತನ್ನ ಕಾಲಕ್ಕೆ ಹೊಸದಾಗಿದ್ದ ಪ್ರಷ್ಯನ್ ನೀಲಿ ಬಳಸಿದ. ಪ್ರಷ್ಯನ್ ನೀಲಿ ತುಂಬಾ ಜೋರು. ಕಡ್ಲೆಕಾಳಿನಷ್ಟು ಹಾಕಿದರೂ ತಟ್ಟೆ ತುಂಬಾ ಅದೇ. ಬಿಸಿ ಬೆಳಕಿನ ಆಕಾಶಕ್ಕೆ ಅಲ್ಟ್ರಾಮರೀನ್ ಸಲೀಸು.

ಎಣ್ಣೆಯ ವಿಷಯ ನಮಗೆ ಸ್ವಲ್ಪ ಹತ್ತಿರದ್ದು. ಚಿತ್ರಕ್ಕೆ ಬಳಸುವ ಎರಡು ಮುಖ್ಯ ಎಣ್ಣೆಗಳು ಅಗಸೆ ಮತ್ತು ಕುಸುಬೆ. ಎರಡೂ ಉತ್ತರ ಕರ್ನಾಟಕದ ಹೊಲದಲ್ಲೇ ಬೆಳೆಯುವಂಥವು. "ಹಾಗಾದ್ರೆ ಗಾಣದ ಎಣ್ಣೆ ಹಾಕಬಹುದಲ್ವಾ?" ಅಂತ ಧಾರವಾಡದ ಕಡೆಯ ಒಬ್ಬ ಗೆಳೆಯ ಕೇಳಿದ್ದ. ಬೇಡ. ಅಡುಗೆ ಎಣ್ಣೆಯನ್ನು ತಯಾರಿಸುವುದು ಬೇಗ ಒಣಗಲಿ ಅಂತಲ್ಲ, ಕೆಡದೆ ಇರಲಿ ಅಂತ. ಚಿತ್ರಕ್ಕೆಂದೇ ಶುದ್ಧ ಮಾಡಿದ್ದು ತಗೊಳ್ಳಿ. ಅಗಸೆ ಎಣ್ಣೆಯ ಪದರ ಗಟ್ಟಿ, ಆದರೆ ಹಳದಿಯಾಗುತ್ತದೆ. ಕುಸುಬೆ ಅಷ್ಟು ಹಳದಿಯಾಗುವುದಿಲ್ಲ, ಆದರೆ ನಿಧಾನ, ಪದರವೂ ಮೆದು. ಕೆಳಪದರ, ಕಟ್ಟಡ, ಜನ ಎಲ್ಲಕ್ಕೂ ಅಗಸೆ. ಆಕಾಶದ ಕೊನೆಯ ಕೋಟಿಗೆ ಮಾತ್ರ ಕುಸುಬೆ. ನಿಧಾನ ಒಣಗುವುದರ ಮೇಲೆ ಬೇಗ ಒಣಗುವುದನ್ನು ಹಚ್ಚಿದರೆ ಬಿರುಕು, ಇದು ಆಯಿಲ್ ಪೇಂಟಿನ ಅ ಆ ಇ ಈ.

ಮಳೆಗಾಲದಲ್ಲಿ ಕುಸುಬೆ ಎಣ್ಣೆಯ ಆಕಾಶ ಬರೆದು ನಾನು ಪಟ್ಟ ಪಾಡು ಕೇಳಬೇಡಿ. ಬೆಂಗಳೂರಿನ ಜುಲೈ. ಎರಡು ವಾರ ಕಳೆದರೂ ಬೆರಳಿಗೆ ಅಂಟುತ್ತಿತ್ತು. ಏಳೆಂಟು ಸೊಳ್ಳೆ ಅದರಲ್ಲೇ ಸಮಾಧಿಯಾದವು. ಎರಡನ್ನು ಇಕ್ಕಳದಲ್ಲಿ ತೆಗೆದೆ, ಉಳಿದವು ದೂರದ ಹಕ್ಕಿಗಳಾಗಿ ಈಗಲೂ ಇವೆ. ಇನ್ನೊಂದು ಗಂಭೀರ ವಿಷಯ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ತಾನಾಗೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ನೀರು ತುಂಬಿದ ಡಬ್ಬದಲ್ಲಿ ಮುಳುಗಿಸಿಡಿ.

ಜನ

ಕ್ಲೋಡ್ ತಮಾಷೆಗೆ ಒಂದು ಮಾತು ಹೇಳುತ್ತಿದ್ದನಂತೆ: ನಾನು ಮಾರುವುದು ನಿಸರ್ಗವನ್ನು, ಜನರನ್ನು ಪುಕ್ಕಟೆ ಕೊಡುತ್ತೇನೆ ಅಂತ. ಅವನ ಜನ ಅಷ್ಟೇನೂ ಚೆನ್ನಾಗಿಲ್ಲ ಅನ್ನುವುದು ಅವನಿಗೂ ಗೊತ್ತಿತ್ತು. ಆದರೂ ಆ ಜನ ಇಲ್ಲದೆ ಚಿತ್ರ ನಿಲ್ಲುವುದಿಲ್ಲ. ಕಂಬ ಎಷ್ಟು ಎತ್ತರ ಅಂತ ಹೇಳುವವರು ಅವರೇ.

ಮೊದಲು ಗಾತ್ರ. ದಿಗಂತದ ಗೆರೆ ಅಂದರೆ ನೋಡುವವರ ಕಣ್ಣಿನ ಎತ್ತರ. ಮುಂದೆ ನಿಂತವನ ಎತ್ತರದ ಎರಡು ಪಟ್ಟಿಗೆ ದಿಗಂತ ಬಂದಿದೆ ಅಂದುಕೊಳ್ಳಿ. ಅದೇ ಕಟ್ಟೆಯ ಮೇಲೆ ಎಷ್ಟು ದೂರದಲ್ಲಿ ಯಾರನ್ನು ನಿಲ್ಲಿಸಿದರೂ, ಅವರ ಪಾದದಿಂದ ದಿಗಂತದವರೆಗಿನ ದೂರದ ಅರ್ಧಕ್ಕೆ ಅವರ ತಲೆ ಬರಬೇಕು. ಇಷ್ಟೇ. ಇದೊಂದು ಗೊತ್ತಿದ್ದರೆ ದೈತ್ಯರೂ ಕುಬ್ಜರೂ ಒಟ್ಟಿಗೆ ಓಡಾಡುವುದು ತಪ್ಪುತ್ತದೆ. ಮೆಟ್ಟಿಲ ಹತ್ತಿರ ಇನ್ನೊಂದು ಪರೀಕ್ಷೆ ಇದೆ: ಆರೂವರೆ ಇಂಚಿನ ಮೆಟ್ಟಿಲಾದರೆ ಒಬ್ಬ ಮನುಷ್ಯ ಸುಮಾರು ಹತ್ತು ಮೆಟ್ಟಿಲಷ್ಟು ಎತ್ತರ. ನನ್ನ ರಾಣಿ ಐದು ಮೆಟ್ಟಿಲಿನಷ್ಟೇ ಇದ್ದಳು, ಪಾಪ, ಮೆಟ್ಟಿಲನ್ನು ಏಣಿಯ ಹಾಗೆ ಹತ್ತಬೇಕಾಗಿತ್ತು.

ಹಸಿ ಬಣ್ಣದಲ್ಲೇ ಜನರನ್ನು ಬರೆಯುವುದೋ, ಒಣಗಿದ ಮೇಲೋ? ಹಸಿಯಲ್ಲಿ ಅಂಚು ಮೆತ್ತಗೆ ಬರುತ್ತದೆ, ಜನ ಗಾಳಿಯೊಳಗೆ ನಿಂತಂತೆ ಕಾಣುತ್ತಾರೆ. ಆದರೆ ತಪ್ಪಿದರೆ ಕೆಳಗಿನ ಕಟ್ಟೆಯೂ ಕೆಟ್ಟಿತು. ಒಣಗಿದ ಮೇಲೆ ಬರೆದರೆ ಒರೆಸಿ ಹತ್ತು ಸಲ ಪ್ರಯತ್ನಿಸಬಹುದು, ಆದರೆ ಸ್ಟಿಕ್ಕರ್ ಅಂಟಿಸಿದ ಹಾಗೆ ಕಾಣುವ ಅಪಾಯ ಇದೆ. ನಾನು ಒಣಗಿದ ಮೇಲೆಯೇ ಬರೆಯುತ್ತೇನೆ. ಸ್ಟಿಕ್ಕರ್ ಆಗದಿರಲು ಪಾದದ ಹತ್ತಿರದ ನೆಲಕ್ಕೆ ಅದೇ ಬಣ್ಣವನ್ನು ತೆಳ್ಳಗೆ ಮತ್ತೆ ಹಚ್ಚಿ, ಅದು ಹಸಿಯಿರುವಾಗಲೇ ಕಾಲನ್ನು ಅದರೊಳಗೆ ಇಳಿಸುತ್ತೇನೆ.

ಮೂಟೆ ಹೊತ್ತವನೊಬ್ಬನನ್ನು ನಾನು ಬರೆಯುವುದು ಹೀಗೆ. ರಾ ಅಂಬರ್, ಅಲ್ಟ್ರಾಮರೀನ್ ಬೆರೆಸಿದ ಕಪ್ಪಿನಲ್ಲಿ ಅವರೆಕಾಳಿನ ಆಕಾರದ ಒಂದು ಮೈ, ಮುಂದಕ್ಕೆ ಬಾಗಿದ್ದು. ಅದರ ಮೇಲೆ ಚೌಕದ ಮೂಟೆ. ಕೆಳಗೆ ಎರಡು ಗೀಟು ಕಾಲು, ಒಂದು ಉದ್ದ, ಒಂದು ಗಿಡ್ಡ, ನಡೆಯುತ್ತಿದ್ದಾನಲ್ಲ. ತಲೆ ಒಂದು ಚುಕ್ಕೆ. ಕೊನೆಗೆ ಬಿಳಿ ಬೆರೆಸಿದ ಓಕರ್‌ನಲ್ಲಿ, ಸೂರ್ಯನ ಕಡೆಯ ಭುಜದ ಮೇಲೆ ಒಂದೇ ಎಳೆ. ನೆರಳು ಅವನ ಪಾದದಿಂದ ನಮ್ಮ ಕಡೆ ಬೀಳಬೇಕು. ಎಲ್ಲರ ನೆರಳೂ ಸೂರ್ಯನ ನೇರ ಕೆಳಗೆ, ದಿಗಂತದ ಮೇಲಿನ ಒಂದು ಬಿಂದುವಿನಿಂದ ಬೀಸಣಿಗೆಯ ಕಡ್ಡಿಗಳಂತೆ ಹರಡುತ್ತವೆ. ಪಿನ್ನು ದಾರ ಇಲ್ಲೂ ಕೆಲಸಕ್ಕೆ ಬರುತ್ತದೆ. ಮುಖ, ಕಣ್ಣು, ಮೂಗು ಬೇಡವೇ ಬೇಡ. ಬರೆದರೆ ಅವನು ನಮ್ಮನ್ನೇ ನೋಡಲು ಶುರು ಮಾಡುತ್ತಾನೆ, ನಾವು ಸೂರ್ಯನನ್ನು ಮರೆಯುತ್ತೇವೆ.

ರಾಣಿಯ ಕಥೆಯೋ, ಕೂಲಿಗಳ ದಿನಚರಿಯೋ ಅನ್ನುವುದು ಪೂರ್ತಿ ನಿಮ್ಮಿಷ್ಟ. ಕಥೆ ಬೇಕಾದರೆ ಕ್ಲೋಡ್‌ನ ರಾಣಿಯನ್ನು ಒಮ್ಮೆ ನೋಡಿ, ಅಷ್ಟು ದೊಡ್ಡ ಚಿತ್ರದಲ್ಲಿ ಬಲಗಡೆಯ ಮೆಟ್ಟಿಲಿಳಿಯುವ ಒಂದು ಪುಟ್ಟ ಆಕಾರ ಅಷ್ಟೇ. ಕೆಂಪು ಬಣ್ಣವನ್ನು ಒಂದೆರಡು ಕಡೆ ಮಾತ್ರ ಇಡಿ, ಒಂದು ಟೋಪಿ, ಒಂದು ಶಾಲು.

ಇನ್ನು ಎಷ್ಟು ಜನ ಅನ್ನುವುದು. ಇದಕ್ಕೆ ಲೆಕ್ಕ ಇಲ್ಲ, ನೋಡಿಯೇ ತೀರ್ಮಾನಿಸಬೇಕು. ಬಣ್ಣ ಒಣಗಿದ ಮೇಲೆ ಒಂದು ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಚಿತ್ರದ ಮೇಲೆ ಅಂಟಿಸಿ, ಅದರ ಮೇಲೆ ಜನರನ್ನು ಬರೆದು ನೋಡಿ. ಹಾಳೆಯನ್ನು ಎಡಕ್ಕೆ ಬಲಕ್ಕೆ ಸರಿಸಿ. ಬೇಡದವರನ್ನು ಒರೆಸಿ. ಎರಡು ದಿನ ಹಾಗೇ ಗೋಡೆಗೆ ಒರಗಿಸಿಟ್ಟು, ಕಾಫಿ ಕುಡಿಯುವಾಗ ಸುಮ್ನೆ ನೋಡುತ್ತಿರಿ. ನನ್ನ ಎರಡನೇ ಚಿತ್ರದ ಹಾಳೆಯ ಮೇಲೆ ಶುರುವಿನಲ್ಲಿ ಹತ್ತೊಂಬತ್ತು ಜನರಿದ್ದರು. ಕಟ್ಟೆಗೆ ಇಳಿದದ್ದು ಏಳು.